ಹೆಸರು ಕಳೆದುಕೊಂಡ ಮನೆತನ

ಸಿಟ್ಟು ನೆತ್ತಿಗೇರಿದ ಮನುಷ್ಯನು ತನ್ನ ಹಗೆಯನ್ನು ಕುರಿತು “ನಿನ್ನ ಹೆಸರಿಲ್ಲದ ಹಾಗೆ ಮಾಡುವೆನು” ಎಂದು ಬೆದರಿಸುವುದು ಕನ್ನಡ ನಾಡಿನಲ್ಲಿ ಅಪರೂಪದ ಮಾತೇನೂ ಅಲ್ಲ. ಹಾಗೆ ಬೆದರಿಸುವವನ ಮನಸ್ಸಿನಲ್ಲಿ ಹೆಸರೆಂಬುದಕ್ಕೆ ವಂಶ, ಮನೆ, ಮಾನ, ನೆನಪು ಎಂಬ ನಾಲ್ಕು ಅರ್ಥಗಳೂ ಕೂಡಿಕೊಂಡಿರುವವು. ಮಾತು ಬಲು ಭಯಂಕರವಾದುದೇ ಸರಿ. ಆದರೂ ಅದು ಬಹುಮಟ್ಟಿಗೆ ಬಾಯಿಯಲ್ಲಿಯೇ ಹುಟ್ಟಿ ಬಾಯಿಯಲ್ಲಿಯೇ ಅಡಗುವುದು. ಸ್ಕಾಟ್ಲಂಡದಲ್ಲಿ ಮಾತ್ರ ಅರಸನೊಬ್ಬನು ಈ ಬೆದರಿಕೆಯನ್ನು ಅಕ್ಷರಶಃ ಶಾಸನವನ್ನಾಗಿ ಬರೆಯಿಸಿದನು. ಒಂದು ಮನೆತನದ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದು, ಇಟ್ಟುಕೊಂಡವರಿಗೆ ಮರಣದಂಡನೆ ಎಂದು ಆಜ್ಞೆಯಾಯಿತು. ಆ ಹೆಸರು ಮ್ಯಾಕ್‌ಗ್ರೆಗರ್. ಅದು ಹುಟ್ಟಿದ ಬಗೆ, ಅಡಗಿದ ಬಗೆ, ವೇಷ ಮರೆಸಿಕೊಂಡು ದೇಶದೇಶಗಳಿಗೆ ಹೋದ ಬಗೆ ಇವು ವಿಚಾರಮಾಡಿ ನೋಡತಕ್ಕ ಸಂಗತಿಗಳಾಗಿವೆ.

ಸ್ಕಾಟ್ಲಂಡದ ಮಲೆನಾಡಿನ ಜನರಾಡುವ ಗೇಲಿಕ್ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಮ್ಯಾಕ್‌ಗ್ರೆಗರ್ ಎಂದರೆ ಗ್ರೆಗರನ ಮಗ. ಅದೇ ಮನೆಯ ಹೆಣ್ಣುಮಗಳನ್ನು ಕರೆಯುವಾಗ ‘ಮ್ಯಾಕ್’ ಹೋಗಿ ‘ನಿಕ್’ ಬರುವುದು. ಗ್ರೆಗರ್ ಎಂಬ ಶಬ್ದವು ಮೂಲತಃ ಗೇಲಿಕ್ ಅಲ್ಲ. ಎಚ್ಚರವಾಗಿರುವವನು ಎಂಬರ್ಥದ ಗ್ರೀಕ್ ಶಬ್ದವೊಂದು ಕ್ರೈಸ್ತ ಮತದೊಡನೆ ಆ ಬೆಟ್ಟಗಳನ್ನೇರಿ, ಅಲ್ಲಿಯ ನಾಲಗೆಗೆ ಒಗ್ಗಿ, ಒಂದು ಕುಲದ ಹೆಸರಾಯಿತು. ತಮ್ಮದು ರಾಜಕುಲವೆಂಬುದು ಮ್ಯಾಕ್‌ಗ್ರೆಗರರ ಬಿರುದು. ಒಂಬತ್ತನೆಯ ಶತಮಾನದ ಕೆನೆತ್ ಮ್ಯಾಕ್‌ಆಲ್ಪಿನ್ ಎಂಬ ಅರಸನ ಸಂಬಂಧಿಯೇ ತಮ್ಮ ಮೂಲಪುರುಷನೆಂದು ಅವರು ಹೇಳಿಕೊಳ್ಳುತ್ತ ಬಂದಿರುವರು. ಇತಿಹಾಸಕಾರರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಬಾಳಿದ ಗ್ರೆಗರ್ ಎಂಬವನೂ, ೧೩೯೦ರಲ್ಲಿ ತೀರಿಕೊಂಡ ಅವನ ಮಗ ಒಕ್ಕಣ್ಣ ಇಯಾನನೂ ಈ ಕುಲದ ಖಚಿತವಾದ ಮೊದಲ ಹಿರಿಯರು. ವಂಶಾವಳಿಗಳ ಬುಡದಲ್ಲಿ ಒಬ್ಬ ಅರಸನನ್ನು ಕುಳ್ಳಿರಿಸುವ ಆಸೆಯು ಎಲ್ಲ ದೇಶಗಳ ಮನೆತನಗಳಿಗೂ ಉಂಟಷ್ಟೆ.

ಆ ಕುಲದವರ ನೆಲೆಯು ಗ್ಲೆನ್ ಆರ್ಕಿ, ಗ್ಲೆನ್ ಸ್ಟ್ರೇ, ಗ್ಲೆನ್ ಲಾಯನ್ ಮುಂತಾದ ಪಶ್ಚಿಮದ ಕಣಿವೆಗಳಲ್ಲಿತ್ತು. ಅವರು ಭೂಮಿಯನ್ನು ಕತ್ತಿಯ ಬಲದಿಂದ ಅನುಭವಿಸಿದರೇ ಹೊರತು ಅರಸನಿಂದ ಸನ್ನದು ಮಾಡಿಸಿಕೊಳ್ಳಲಿಲ್ಲ. ನೆರೆಯ ಕ್ಯಾಂಬೆಲ್ ಕುಲದವರಾದರೋ ಕತ್ತಿಯ ಜೊತೆಗೆ ಲೇಖಣಿಯ ಬಲವನ್ನೂ ಬಲ್ಲವರು. ಕಾಲಕ್ರಮದಲ್ಲಿ ಕಾಗದಪತ್ರಗಳೆಲ್ಲ ಕ್ಯಾಂಬೆಲರ ಪೆಟ್ಟಿಗೆಯನ್ನು ಸೇರಿದವು. ತಲೆತಲಾಂತರದಿಂದ ಒಡೆಯರಾಗಿ ನಡೆದವರು ತಮ್ಮ ಹೊಲದಲ್ಲಿಯೇ ಪರರ ಒಕ್ಕಲುಗಳಾದರು. ಹಗೆತನವು ಬೆಳೆಯಿತು. ೧೫೭೦ರ ಏಪ್ರಿಲಿನಲ್ಲಿ ಗ್ಲೆನ್ ಸ್ಟ್ರೇಯ ಕುಲನಾಯಕನಾದ ಗ್ರೆಗರ್ ರಾಯ್ ಎಂಬವನನ್ನು ಗ್ಲೆನ್ ಆರ್ಕಿಯ ಕ್ಯಾಂಬೆಲನು ಹಿಡಿದು ತಲೆ ಹೊಡೆಯಿಸಿದನು. ಆ ಗ್ರೆಗರನ ಹೆಂಡತಿ ಮೇರಿಯನ್ ಎಂಬವಳು ಸ್ವತಃ ಕ್ಯಾಂಬೆಲರ ಮಗಳು. ಅವಳ ಮಡಿಲಲ್ಲಿ ಉಳಿದವರು ಗಂಡುಮಕ್ಕಳು. ಅವರಲ್ಲಿ ಆಲಿಸ್ಟರ್ ಎಂಬವನು ಮುಂದೆ ಕುಲನಾಯಕನಾದನು.

ಮನೆಮಠಗಳನ್ನು ಕಳೆದುಕೊಂಡವರು ದನ ಕದ್ದು, ಕೊಳ್ಳೆ ಹೊಡೆದು ಬದುಕತೊಡಗಿದರು. ಮಂಜಿನಲ್ಲಿ ಮೂಡಿ ಮಂಜಿನಲ್ಲಿ ಮಾಯವಾಗುವ ಇವರಿಗೆ ‘ಮಂಜಿನ ಮಕ್ಕಳು’ ಎಂಬ ಹೆಸರು ಬಂದಿತು. ಅವರು ನಿರಪರಾಧಿಗಳಾಗಿದ್ದರೆಂದು ಹೇಳುವುದು ಸತ್ಯಕ್ಕೆ ದೂರವಾದುದು. ೧೫೮೯ರಲ್ಲಿ ಅರಸನ ಅರಣ್ಯಾಧಿಕಾರಿಯೊಬ್ಬನ ಕೊಲೆಯಾದಾಗ ಇಡೀ ಕುಲವು ಆ ಪಾಪದ ಹೊಣೆಯನ್ನು ತಾನೇ ಹೊರುವುದಾಗಿ ಆಣೆಯಿಟ್ಟಿತೆಂದು ಹೇಳುವರು. ೧೬೦೩ರ ಫೆಬ್ರವರಿ ೭ರಂದು ಗ್ಲೆನ್ ಫ್ರೂಯಿನ್ ಎಂಬ ಕಣಿವೆಯಲ್ಲಿ ಆಲಿಸ್ಟರನ ಕಡೆಯವರು ಲಸ್ಸಿನ ಕಹೂನ್ ಕುಲದವರ ಮೇಲೆ ಬಿದ್ದು ಸುಮಾರು ೧೪೦ ಜನರನ್ನು ಕೊಂದರು. ದನಕರುಗಳನ್ನು ಅಟ್ಟಿಕೊಂಡು ಹೋದರು. ಆಲಿಸ್ಟರನ ತಮ್ಮನೂ ಆ ಕದನದಲ್ಲಿ ಮಡಿದನು. ಇದಕ್ಕೆ ಮುಂಚಿನ ಒಂದು ದಾಳಿಯ ತರುವಾಯ ಕಹೂನರ ವಿಧವೆಯರು ತಮ್ಮ ಗಂಡಂದಿರ ರಕ್ತಸಿಕ್ತವಾದ ಅಂಗಿಗಳನ್ನು ಬಡಿಗೆಗೆ ಕಟ್ಟಿ ಎತ್ತಿಹಿಡಿದು ಅರಸನ ಮುಂದೆ ಗೋಳಿಟ್ಟರೆಂಬ ಐತಿಹ್ಯವೂ ಉಂಟು. ಅಂಗಿಗಳ ಸಂಖ್ಯೆಯನ್ನು ಐತಿಹ್ಯವು ಹಿಗ್ಗಿಸಿರಬಹುದು. ಆದರೆ ಗಂಡನನ್ನು ಕಳೆದುಕೊಂಡವಳ ಕಣ್ಣೀರನ್ನು ಹಿಗ್ಗಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ.

ಆಗಿನ ಅರಸನು ಆರನೆಯ ಜೇಮ್ಸ್. ಆ ವರ್ಷದ ಮಾರ್ಚಿ ೨೪ರಂದು ಇಂಗ್ಲಂಡದ ಎಲಿಜಬೆತ್ ರಾಣಿಯು ತೀರಿಕೊಂಡುದರಿಂದ ಆ ಸಿಂಹಾಸನವೂ ಅವನ ಪಾಲಿಗೆ ಬಂದಿತ್ತು. ಏಪ್ರಿಲ್ ೫ರಂದು ಅವನು ಎಡಿನ್‌ಬರೋವನ್ನು ಬಿಟ್ಟು ಲಂಡನ್ನಿಗೆ ಹೊರಟನು. ಅದಕ್ಕೆ ಎರಡೇ ದಿನಗಳ ಮುಂಚೆ, ಏಪ್ರಿಲ್ ೩ರಂದು, ಪ್ರಿವಿ ಕೌನ್ಸಿಲು ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನೇ ರದ್ದುಪಡಿಸಿತು. ಊರು ಬಿಡುವ ಗೃಹಸ್ಥನು ಮನೆಯ ಕಸವನ್ನು ಗುಡಿಸಿ ಹೋಗುವಂತೆ ಅರಸನು ಒಂದು ಕುಲವನ್ನು ಗುಡಿಸಿ ಹೋದನು. ಆಲಿಸ್ಟರನು ಇಂಗ್ಲಂಡಕ್ಕೆ ಹೋಗಿ ಅರಸನ ಪಾದಕ್ಕೆ ಬೀಳಬೇಕೆಂದು ಬಯಸಿ, ಗಡಿ ದಾಟಿಸುವೆನೆಂದು ಮಾತು ಕೊಟ್ಟ ಆರ್ಗೈಲಿನ ಕ್ಯಾಂಬೆಲ್ ಪ್ರಭುವಿಗೆ ಶರಣಾದನು. ಪ್ರಭುವು ಆಡಿದ ಮಾತಿಗೆ ತಪ್ಪಲಿಲ್ಲ. ಅವನನ್ನು ಗಡಿಯಾಚೆಯ ಬೆರಿಕ್ಕಿನವರೆಗೆ ಒಯ್ದು, ನೆಲ ಮುಟ್ಟಿಸಿ, ಹಾಗೆಯೇ ಹಿಂದಕ್ಕೆ ತರಿಸಿದನು. ೧೬೦೪ರ ಜನವರಿ ೨೦ರಂದು ಎಡಿನ್‌ಬರೋವಿನಲ್ಲಿ ಆಲಿಸ್ಟರನನ್ನು ಅವನ ಕಡೆಯವರೊಡನೆ ಗಲ್ಲಿಗೇರಿಸಿದರು. ಕುಲನಾಯಕನೆಂಬ ಮರ್ಯಾದೆಗಾಗಿ ಅವನನ್ನು ಉಳಿದವರಿಗಿಂತ ಒಂದಾಳೆತ್ತರ ಮೇಲೆ ತೂಗಹಾಕಿದರು. ಮರ್ಯಾದೆಗಳಲ್ಲಿಯೂ ಎಷ್ಟು ಬಗೆ!

ಮೇಲಿಂದ ಮೇಲೆ ಕಟ್ಟಳೆಗಳು ಬಂದವು. ಆ ಕುಲದವರು ನಾಲ್ವರಿಗಿಂತ ಹೆಚ್ಚು ಜನ ಒಂದೆಡೆ ಕೂಡಬಾರದು; ಅನ್ನ ಕತ್ತರಿಸಿಕೊಳ್ಳುವ ಮೊನೆಯಿಲ್ಲದ ಚೂರಿಯ ಹೊರತು ಬೇರೆ ಆಯುಧವನ್ನು ಹಿಡಿಯಬಾರದು; ಅವರಿಗೆ ಆಶ್ರಯ ಕೊಟ್ಟವರಿಗೆ ದಂಡ. ೧೬೧೭ರಲ್ಲಿ ಪಾರ್ಲಿಮೆಂಟು ಈ ನಿಷೇಧವನ್ನು ಶಾಸನದಿಂದ ಗಟ್ಟಿಗೊಳಿಸಿ, ಬೆಳೆಯುತ್ತಿರುವ ಮಕ್ಕಳಿಗೂ ಅನ್ವಯಿಸಿತು. ತಪ್ಪು ಮಾಡಿದವನನ್ನು ದಂಡಿಸುವುದು ನ್ಯಾಯ; ಕೊಲೆಗಾರನ ಹೆಸರಿನವನೆಂಬ ಮಾತ್ರಕ್ಕೆ ತೊಟ್ಟಿಲ ಕೂಸನ್ನು ದಂಡಿಸುವುದು ಯಾವ ನ್ಯಾಯ? ಆ ಕಾಲದ ರಾಜನೀತಿಗೆ ಈ ಪ್ರಶ್ನೆಯು ತೋರಲಿಲ್ಲ. ಕುಲಕ್ಕೆ ಕುಲವನ್ನೇ ಒಬ್ಬ ಅಪರಾಧಿಯೆಂದು ಅದು ಭಾವಿಸಿತು. ಕುಲದ ಪ್ರಾಣವೆಲ್ಲಿದೆಯೆಂದು ಹುಡುಕಿ, ಗಿಳಿಯ ಕೊರಳಿನಲ್ಲಿರುವ ರಕ್ಕಸನ ಜೀವದಂತೆ ಅದು ಹೆಸರಿನಲ್ಲಿದೆಯೆಂದು ತಿಳಿದು, ಅದನ್ನೇ ಹಿಸುಕಹೊರಟಿತು.

ಬದುಕಬೇಕೆಂಬವರು ಹೆಸರು ಬದಲಾಯಿಸಿಕೊಂಡರು. ಒಬ್ಬನು ಡ್ರಮಂಡನಾದನು, ಒಬ್ಬನು ಮರೇ ಆದನು, ಮತ್ತೊಬ್ಬನು ಗ್ರೇಯಮನಾದನು. ಗ್ರಾಂಟ್, ಸ್ಟೂವರ್ಟ್, ಗಾರ್ಡನ್ ಎಂದು ಹಲವರು ಕರೆಯಿಸಿಕೊಂಡರು. ಎಷ್ಟೋ ಜನರು ಹಗೆಗಳ ಹೆಸರಾದ ಕ್ಯಾಂಬೆಲನ್ನೇ ತೊಟ್ಟರು. ಒಡಹುಟ್ಟಿದ ಅಣ್ಣತಮ್ಮಂದಿರು ಬೇರೆ ಬೇರೆ ಒಡೆಯರ ಆಶ್ರಯವನ್ನು ಸೇರಿ ಬೇರೆ ಬೇರೆ ಹೆಸರಿನವರಾಗುವುದೂ ಇಂಥ ಕಾಲದಲ್ಲಿ ಸಹಜವೇ ಆಗಿದ್ದಿತು. ಮಳೆಯಲ್ಲಿ ಸಿಕ್ಕವನು ಯಾರ ಜಗಲಿಯಾದರೇನೆಂದು ಏರಿ ನಿಲ್ಲುವಂತೆ ಅವರು ಪರರ ಹೆಸರಿನ ಸೂರಿನ ಕೆಳಗೆ ನಿಂತರು. ಆಶ್ರಯವಿತ್ತ ಆ ಹೆಸರುಗಳ ಉಪಕಾರವನ್ನೂ ಮರೆಯತಕ್ಕುದಲ್ಲ.

ಈ ನಿಷೇಧವು ಒಂದೇ ಸಮನೆ ನಡೆಯಲಿಲ್ಲ. ಅಂತರ್ಯುದ್ಧದಲ್ಲಿ ಮ್ಯಾಕ್‌ಗ್ರೆಗರರು ಮಾಂಟ್ರೋಸನೊಡನೆ ಅರಸನ ಪಕ್ಷದಲ್ಲಿ ಕಾದಿದ್ದುದಕ್ಕಾಗಿ ಎರಡನೆಯ ಚಾರ್ಲ್ಸನು ೧೬೬೧ರಲ್ಲಿ ಹೆಸರನ್ನು ಹಿಂದಕ್ಕೆ ಕೊಟ್ಟನು. ೧೬೯೩ರಲ್ಲಿ, ವಿಲಿಯಂ ಅರಸನ ಕಾಲದಲ್ಲಿ, ಅದನ್ನು ಮತ್ತೆ ಕಿತ್ತುಕೊಂಡರು. ಕಟ್ಟಕಡೆಗೆ ೧೭೭೪ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ಶಾಸನಗಳನ್ನು ರದ್ದುಮಾಡಿತು. ನಡುವಿನ ೩೨ ವರ್ಷಗಳನ್ನು ಕಳೆದರೆ ೧೩೯ ವರ್ಷಗಳ ಕಾಲ ಆ ಹೆಸರು ಕಾನೂನಿನ ದೃಷ್ಟಿಯಲ್ಲಿ ಇಲ್ಲದ ಹೆಸರಾಗಿತ್ತು. ಜನರ ಬಾಯಿಯಲ್ಲಿ ಮಾತ್ರ ಅದು ಇದ್ದೇ ಇದ್ದಿತು. ೧೬೭೧ರಲ್ಲಿ ಹುಟ್ಟಿದ ರಾಬ್ ರಾಯ್ ಇದಕ್ಕೆ ಸಾಕ್ಷಿ. ದನದ ವ್ಯಾಪಾರವನ್ನು ಮಾಡುತ್ತ, ಸಾಲದಲ್ಲಿ ಮುಳುಗಿ, ಮಾಂಟ್ರೋಸಿನ ಡ್ಯೂಕನ ಕೋಪಕ್ಕೆ ಗುರಿಯಾಗಿ ಕಾಡು ಸೇರಿದ ಇವನು ಕಾಗದದಲ್ಲಿ ತಾಯಿಯ ಕಡೆಯ ಕ್ಯಾಂಬೆಲ್ ಎಂಬ ಹೆಸರಿನಿಂದ ರುಜು ಹಾಕುತ್ತಿದ್ದನು. ಆದರೆ ಅವನು ಯಾರೆಂಬುದು ಆ ನಾಡಿನ ಮಕ್ಕಳಿಗೂ ಗೊತ್ತಿತ್ತು. ಅವನು ೧೭೩೪ರಲ್ಲಿ ತೀರಿಕೊಂಡನು. ಬಾಲ್ವಿಡರಿನ ಇಗರ್ಜಿಯ ಅಂಗಳದಲ್ಲಿ ಅವನ ಸಮಾಧಿಯಿರುವುದು. ೧೮೧೭ರಲ್ಲಿ ಸರ್ ವಾಲ್ಟರ್ ಸ್ಕಾಟನು ಬರೆದ ಕಾದಂಬರಿಯಿಂದ, ಒಮ್ಮೆ ಉಚ್ಚರಿಸಲು ಅಂಜುತ್ತಿದ್ದ ಹೆಸರು ಲೋಕದ ಓದುಗರ ನಾಲಗೆಯ ಮೇಲೆ ಆಡಿತು.

ಕುಲದ ಎಲ್ಲರೂ ಕಾಡು ಸೇರಲಿಲ್ಲ. ಪೂರ್ವತೀರದ ಅಬರ್ಡೀನಿನ ಗ್ರೆಗರಿ ಎಂಬ ಮನೆತನದವರು ತಾವು ಮೂಲತಃ ಮ್ಯಾಕ್‌ಗ್ರೆಗರರೆಂದು ನಂಬಿದ್ದರು. ‘ಮ್ಯಾಕ್’ ಎಂಬ ಮುಂಡಾಸನ್ನು ತೆಗೆದಿರಿಸಿ, ಬಾಲಕ್ಕೆ ಒಂದು ಇಕಾರವನ್ನು ಸೇರಿಸಿಕೊಂಡು, ಅವರು ವಿದ್ಯಾಪೀಠಗಳನ್ನು ಹೊಕ್ಕರು. ೧೬೬೩ರಲ್ಲಿ ಕನ್ನಡಿಯ ದೂರದರ್ಶಕಯಂತ್ರದ ಕಲ್ಪನೆಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ ಜೇಮ್ಸ್ ಗ್ರೆಗರಿಯು ಈ ಮನೆಯವನು. ಇವನ ಮಗನು ಅಬರ್ಡೀನಿನಲ್ಲಿ ವೈದ್ಯಶಾಸ್ತ್ರದ ಅಧ್ಯಾಪಕನಾಗಿದ್ದಾಗ, ೧೭೧೫ರ ಸುಮಾರಿಗೆ, ರಾಬ್ ರಾಯನು ನೆಂಟಸ್ತಿಕೆಯನ್ನು ಹುಡುಕಿಕೊಂಡು ಆ ಮನೆಗೆ ಬಂದನೆಂದು ಸ್ಕಾಟನು ತನ್ನ ಕಾದಂಬರಿಗೆ ಆಮೇಲೆ ಬರೆದ ಪೀಠಿಕೆಯಲ್ಲಿ ಹೇಳಿರುವನು. ಉಪಚಾರದಿಂದ ಸಂತುಷ್ಟನಾದ ಅತಿಥಿಯು ಮನೆಯ ಎಂಟೊಂಬತ್ತು ವರ್ಷದ ಹುಡುಗನನ್ನು ನೋಡಿ, ಇಂಥ ಚೂಟಿಯಾದ ಹುಡುಗನು ಪುಸ್ತಕಗಳಲ್ಲಿ ಕೆಡಬಾರದು, ತಾನು ಬೆಟ್ಟಕ್ಕೆ ಒಯ್ದು ಗಂಡಸನ್ನಾಗಿ ಮಾಡುವೆನೆಂದು ಪ್ರೀತಿಯಿಂದ ಕೇಳಿದನಂತೆ. ಇಲ್ಲವೆಂದರೆ ಅತಿಥಿಗೆ ಅವಮಾನ, ಹೂಂ ಎಂದರೆ ಹುಡುಗನ ಗತಿಯೇನು? ಬಡಪಾಯಿ ಪಂಡಿತನು ಹುಡುಗನ ಆರೋಗ್ಯ ಸರಿಯಿಲ್ಲವೆಂದು ನೆವ ಹೇಳಿ, ಮುಂದೆ ನೋಡೋಣವೆಂದು ತಪ್ಪಿಸಿಕೊಂಡನು. ಒಂದೇ ಊಟದ ಮೇಜಿನ ಎರಡು ಬದಿಗೆ ಒಂದೇ ಕುಲದ ಎರಡು ದಾರಿಗಳು ಕುಳಿತಿದ್ದವು. ಒಂದು ಹೆಸರನ್ನು ಹಿಡಿದು ಬೆಟ್ಟದಲ್ಲಿ ಉಳಿದುದು. ಮತ್ತೊಂದು ಹೆಸರನ್ನು ಕೊಂಚ ಮಾರ್ಪಡಿಸಿ ನಾಗರಿಕತೆಯ ಬಾಗಿಲನ್ನು ದಾಟಿದುದು. ಇವೆರಡರಲ್ಲಿ ಯಾವುದು ಕುಲವನ್ನು ಉಳಿಸಿತು?

ಕಡಲನ್ನು ದಾಟಿದವರು ಇನ್ನೂ ಹಲವರು. ಅಬರ್ಡೀನ್ ಸೀಮೆಯ ಕೇರ್ನ್‌ಬಲ್ಗ್ ಎಂಬ ಕಡಲತೀರದ ಹಳ್ಳಿಯಿಂದ ಅಲೆಗ್ಸಾಂಡರ್ ಗ್ರೆಗ್ ಎಂಬವನು ೧೭೭೦ರ ದಶಕದಲ್ಲಿ ನಾರ್ವೆಯ ಬರ್ಗೆನ್ ಪಟ್ಟಣವನ್ನು ಸೇರಿ, ಒಣಮೀನಿನ ಮತ್ತು ಕಡಲೇಡಿಯ ವ್ಯಾಪಾರದಲ್ಲಿ ನೆಲೆನಿಂತನು. ಗ್ರೆಗ್ ಎಂಬುದೂ ಗ್ರೆಗರ್ ಶಬ್ದದ ಒಂದು ತುಣುಕು. ನಾರ್ವೆಯವರ ಉಚ್ಚಾರಕ್ಕೆ ತಕ್ಕಂತೆ ಅಕ್ಷರಗಳು ಸ್ಥಾನ ಪಲ್ಲಟವಾಗಿ ಅದು ಗ್ರೀಗ್ ಎಂದಾಯಿತು. ಅವನ ಮರಿಮಗನೇ ನಾರ್ವೆಯ ರಾಷ್ಟ್ರೀಯ ಸಂಗೀತಕಾರನಾದ ಎಡ್ವರ್ಡ್ ಗ್ರೀಗ್ (೧೮೪೩-೧೯೦೭). ಸ್ಕಾಟ್ಲಂಡದ ಶಾಸನವು ನಡೆಯದ ಐರ್ಲಂಡದ ಅಲ್‌ಸ್ಟರ್ ಪ್ರಾಂತದಲ್ಲಿಯೂ ಈ ಹೆಸರಿನವರಿದ್ದರು. ಅಲ್ಲಿಯ ಜೇಮ್ಸ್ ಮ್ಯಾಕ್‌ಗ್ರೆಗರ್ ಎಂಬ ಪಾದ್ರಿಯು ೧೭೧೮ರಲ್ಲಿ ತನ್ನ ಸಭೆಯ ಕುಟುಂಬಗಳೊಡನೆ ಅಮೇರಿಕೆಯ ಬಾಸ್ಟನ್ನಿಗೆ ಹೋಗಿ, ಮರುವರ್ಷ ನ್ಯೂ ಹ್ಯಾಂಪ್‌ಶೈರಿನಲ್ಲಿ ಒಂದು ಊರಿಗೆ ತಳಹದಿ ಹಾಕಿದನು. ಅದಕ್ಕೆ ಲಂಡನ್‌ಡೆರಿ ಎಂದು ಹೆಸರಾಯಿತು.

೧೭೭೪ರ ತರುವಾಯ ಹೆಸರು ಮರಳಿ ಬಂದಿತು. ಆದರೆ ಹೆಸರಿನವರು ಯಾರು? ತಲೆಮಾರುಗಳಿಂದ ಮರೇ, ಡ್ರಮಂಡ್ ಎಂದು ಕರೆಯಿಸಿಕೊಂಡವರು ತಾವು ಯಾರೆಂಬುದನ್ನು ಹಿರಿಯರ ಬಾಯಿಮಾತಿನಿಂದಲೇ ಅರಿಯಬೇಕಾಗಿತ್ತು. ೮೨೬ ಜನರು ಒಂದು ಪತ್ರಕ್ಕೆ ರುಜು ಹಾಕಿ, ಲ್ಯಾನ್‌ರಿಕ್ಕಿನ ಜಾನ್ ಮರೇ ಎಂಬವನೇ ತಮ್ಮ ಕುಲನಾಯಕನೆಂದು ಸಾರಿದರು. ಈತನು ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಬಂಗಾಲದ ಆಡಿಟರ್ ಜನರಲನಾಗಿದ್ದವನು. ೧೭೯೫ರಲ್ಲಿ ಬ್ಯಾರೊನೆಟ್ ಪದವಿಯನ್ನು ಪಡೆದನು. ಇವನ ಮಗನಾದ ಇವಾನನು ೧೮೧೮ರಲ್ಲಿ ಖಾನದೇಶದ ತಾಳನೇರ ಕೋಟೆಯ ಮುತ್ತಿಗೆಯಲ್ಲಿ ಘೋರವಾಗಿ ಗಾಯಗೊಂಡು ಬದುಕಿದನು. ಭಾರತದ ಕೋಟೆಯ ಬಾಗಿಲಲ್ಲಿ ಬಿದ್ದ ಆ ಸರದಾರನು ೧೮೨೨ರಲ್ಲಿ ಅರಸನ ಪರವಾನಿಗೆಯಿಂದ ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನು ವಿಧಿಪೂರ್ವಕವಾಗಿ ಧರಿಸಿದನು. ಅದೇ ವರ್ಷ ನಾಲ್ಕನೆಯ ಜಾರ್ಜನು ಎಡಿನ್‌ಬರೋವಿಗೆ ಬಂದಾಗ ಸ್ಕಾಟ್ಲಂಡದ ಕಿರೀಟಕ್ಕೆ ಕಾವಲಾಗಿ ನಡೆಯುವ ಗೌರವವು ಮ್ಯಾಕ್‌ಗ್ರೆಗರರಿಗೆ ದೊರೆಯಿತು. ಅವರ ಪೂರ್ವಿಕನನ್ನು ಗಲ್ಲಿಗೇರಿಸಿದ ಪಟ್ಟಣವೇ ಅದು.

ಹೆಸರು ಮರಳಿ ಬಂದ ಮೇಲೆ ಕೆಲವರು ಆಶ್ರಯ ಕೊಟ್ಟ ಹೆಸರನ್ನೂ ಬಿಡಲಿಲ್ಲ. ಪರ್ತ್ ಸೀಮೆಯಲ್ಲಿ ೧೭೫೯ರಲ್ಲಿ ಹುಟ್ಟಿದ ಜೇಮ್ಸ್ ಎಂಬ ಪಾದ್ರಿಯ ತಂದೆಯು ಡ್ರಮಂಡನೆಂದು ಕರೆಯಿಸಿಕೊಂಡಿದ್ದನು. ಮಗನು ಜೇಮ್ಸ್ ಡ್ರಮಂಡ್ ಮ್ಯಾಕ್‌ಗ್ರೆಗರ್ ಎಂದು ಎರಡನ್ನೂ ಇಟ್ಟುಕೊಂಡನು. ೧೭೮೬ರಲ್ಲಿ ಅವನು ಕೆನಡಾದ ನೋವಾ ಸ್ಕೋಶಿಯಾಕ್ಕೆ ಹೋಗಿ ಪಿಕ್ಟೂವಿನ ಗೇಲಿಕ್ ಜನರ ಗುರುವಾದನು. ಅಲ್ಲಿ ಪಾದ್ರಿಯೊಬ್ಬನು ಕರಿಯ ಹುಡುಗಿಯೊಬ್ಬಳನ್ನು ದಾಸಿಯಾಗಿ ಇಟ್ಟುಕೊಂಡಿರುವುದನ್ನು ಕಂಡು, ಅವಳನ್ನು ಬಿಡಬೇಕೆಂದು ೧೭೮೮ರಲ್ಲಿ ಬಹಿರಂಗ ಪತ್ರವನ್ನು ಅಚ್ಚುಹಾಕಿಸಿದನು. ತನ್ನ ಅಲ್ಪವಾದ ಸಂಬಳದಿಂದ ಹಣ ತೆತ್ತು ದಾಸ್ಯದಲ್ಲಿದ್ದವರನ್ನು ಬಿಡಿಸಿದನು. ದಾಸರಾದವರು ಕಳೆದುಕೊಳ್ಳುವ ಮೊದಲ ಸ್ವತ್ತು ತಮ್ಮ ಹೆಸರು. ತಂದೆಯ ನಿಜವಾದ ಹೆಸರನ್ನು ಸ್ವತಂತ್ರವಾಗಿ ಹೇಳಿಕೊಳ್ಳಲಾಗದ ಮನೆಯಲ್ಲಿ ಹುಟ್ಟಿದವನಿಗೆ ಈ ನೋವು ಬೇಗನೆ ಅರಿವಾದುದು ಸೋಜಿಗವಲ್ಲ.

ಆದರೆ ಹೆಸರೊಂದೇ ಯಾರನ್ನೂ ಸಜ್ಜನನನ್ನಾಗಿ ಮಾಡುವುದಿಲ್ಲ. ೧೭೮೬ರಲ್ಲಿ, ಅಂದರೆ ಆ ಪಾದ್ರಿಯು ಹಡಗು ಹತ್ತಿದ ವರ್ಷದಲ್ಲಿಯೇ, ಹುಟ್ಟಿದ ಗ್ರೆಗರ್ ಮ್ಯಾಕ್‌ಗ್ರೆಗರ್ ಎಂಬವನು ದಕ್ಷಿಣ ಅಮೇರಿಕೆಯ ಸ್ವಾತಂತ್ರ್ಯಯುದ್ಧದಲ್ಲಿ ಬೊಲಿವಾರನ ಕಡೆಗೆ ಸೇನಾಪತಿಯಾಗಿ ಕಾದಿ ಕೀರ್ತಿ ಪಡೆದವನು. ತರುವಾಯ ಅವನು ಮಧ್ಯ ಅಮೇರಿಕೆಯ ಕರಾವಳಿಯಲ್ಲಿ ಪೊಯಾಯಿಸ್ ಎಂಬ ಸಂಪನ್ನ ರಾಜ್ಯವಿದೆಯೆಂದೂ ತಾನು ಅದರ ಅಧಿಪತಿಯೆಂದೂ ಸಾರಿ, ಇಲ್ಲದ ನಾಡಿನ ಭೂಮಿಯನ್ನು ಮಾರಿದನು. ೧೮೨೨-೨೩ರಲ್ಲಿ ಎರಡು ಹಡಗುಗಳಲ್ಲಿ ಸುಮಾರು ೨೫೦ ಜನರು ಅದನ್ನು ನಂಬಿ ಹೋಗಿ, ಕಾಡನ್ನಲ್ಲದೆ ಬೇರೇನನ್ನೂ ಕಾಣದೆ, ಅರ್ಧಕ್ಕಿಂತ ಹೆಚ್ಚು ಮಂದಿ ಜ್ವರದಿಂದಲೂ ಹಸಿವಿನಿಂದಲೂ ಸತ್ತರು. ಅವರಲ್ಲಿ ಬಹು ಜನರು ಸ್ಕಾಟ್ಲಂಡದವರೇ. ಪೂರ್ವಿಕರು ನೆಲವಿದ್ದೂ ಸನ್ನದಿಲ್ಲದೆ ಕೆಟ್ಟರು. ಇವನು ನೆಲವಿಲ್ಲದೆಯೇ ಸನ್ನದುಗಳನ್ನು ಹಂಚಿ ಪರರನ್ನು ಕೆಡಿಸಿದನು. ಕಷ್ಟಪಟ್ಟ ಕುಲದಲ್ಲಿ ಹುಟ್ಟಿದುದು ಪುಣ್ಯದ ಗಂಟಲ್ಲವೆಂಬುದನ್ನು ಇಂಥವರು ನೆನಪಿಸುವರು.

ಈಗಿನ ಕಾಲದಲ್ಲಿ ತಂದೆಯಿಂದ ಮಗನಿಗೆ ಇಳಿದುಬರುವ ವಾಯ್ ಕ್ರೋಮೋಸೋಮನ್ನು ಪರೀಕ್ಷಿಸಿ ವಂಶವನ್ನು ಗೊತ್ತುಮಾಡುವ ವಿದ್ಯೆಯು ಬಂದಿರುವುದು. ಮ್ಯಾಕ್‌ಗ್ರೆಗರರೂ ಇಂಥ ಪರೀಕ್ಷೆಗಳನ್ನು ಮಾಡಿಸಿಕೊಂಡಿರುವರು. ಒಕ್ಕಣ್ಣ ಇಯಾನನ ಸಂತತಿಯೆಂದು ಎಣಿಸಲ್ಪಡುವ ಗುಂಪೊಂದು ಅದರಲ್ಲಿ ಕಂಡುಬಂದಿದೆ. ಬೇರೆ ಅಡ್ಡಹೆಸರಿನ ಕೆಲವರ ರಕ್ತವು ಆ ಗುಂಪಿನೊಡನೆ ಹೊಂದುವುದು; ಮ್ಯಾಕ್‌ಗ್ರೆಗರ್ ಎಂದೇ ಕರೆಯಿಸಿಕೊಳ್ಳುವ ಕೆಲವರದು ಹೊಂದುವುದಿಲ್ಲ. ಇದರಿಂದ ಎರಡನೆಯವರು ಸುಳ್ಳರೆಂದು ಎಣಿಸುವುದು ಅವಿವೇಕ. ಗಲ್ಲಿನ ಭಯವಿದ್ದ ಕಾಲದಲ್ಲಿ ಈ ಕುಲದೊಡನೆ ಬಾಳಿ, ಅದರ ಕಷ್ಟವನ್ನುಂಡು, ಬಿಡುಗಡೆಯಾದಾಗ ತಮ್ಮದು ಇದೇ ಹೆಸರೆಂದು ನಿಂತವರ ಮಕ್ಕಳಿಗೆ ಅದರ ಮೇಲೆ ಇಲ್ಲದ ಹಕ್ಕು ಮತ್ತೆ ಯಾರಿಗಿದೆ? ರಕ್ತವು ತಾನಾಗಿ ಹರಿದು ಬರುವುದು. ಹೆಸರನ್ನಾದರೋ ಪ್ರತಿಯೊಂದು ತಲೆಮಾರಿನವರೂ ಹೊತ್ತು ತರಬೇಕು.

ಈ ಹೊರೆಯನ್ನು ಹೊತ್ತವರಲ್ಲಿ ಎಲ್ಲರಿಗಿಂತ ಮೊದಲು ನೆನೆಯಬೇಕಾದವಳು ಒಬ್ಬ ಹೆಂಗಸು. ೧೫೭೦ರಲ್ಲಿ ತಲೆ ಹೊಡೆಯಿಸಿಕೊಂಡ ಗ್ರೆಗರ್ ರಾಯನ ಹೆಂಡತಿಯಾದ ಮೇರಿಯನ್ ಕ್ಯಾಂಬೆಲಳು ಗಂಡನಿಗಾಗಿ ಒಂದು ಶೋಕಗೀತವನ್ನು ಕಟ್ಟಿದಳು. ‘ಗ್ರಿಗಲ್ ಕ್ರೀ’, ಎಂದರೆ ಒಲವಿನ ಗ್ರೆಗರ್, ಎಂದು ಅದನ್ನು ಕರೆಯುವರು. ತಂದೆಯಿಲ್ಲದ ಕೂಸನ್ನು ಮಲಗಿಸುತ್ತ, ಗಂಡನನ್ನು ಕೊಂದ ತನ್ನ ತವರಿನವರನ್ನೇ ಶಪಿಸುತ್ತ ತಾಯಿಯು ಹಾಡುವ ಜೋಗುಳವದು. ಅವಳು ಹೆತ್ತ ಮಕ್ಕಳಲ್ಲಿ ಒಬ್ಬನು ಗ್ಲೆನ್ ಫ್ರೂಯಿನ್ನಿನಲ್ಲಿ ಬಿದ್ದನು, ಮತ್ತೊಬ್ಬನನ್ನು ಒಂದಾಳೆತ್ತರ ಮೇಲೆ ತೂಗಹಾಕಿದರು. ಹಾಡು ಮಾತ್ರ ಉಳಿಯಿತು. ಬರೆಹದಲ್ಲಿ ಆ ಹೆಸರು ಅಪರಾಧವಾಗಿದ್ದ ವರ್ಷಗಳುದ್ದಕ್ಕೂ ಅದು ಬಾಯಿಂದ ಬಾಯಿಗೆ ದಾಟಿ ಇಂದಿನವರೆಗೆ ಬಂದಿದೆ. ಗೇಲಿಕ್ ಬಲ್ಲವರು ಈಗಲೂ ಅದನ್ನು ಹಾಡುವರು. ಕಾಗದದ ಮೇಲಿನ ಹೆಸರನ್ನು ಕೌನ್ಸಿಲು ಅಳಿಸಿತು, ಇಗರ್ಜಿಯು ಅಳಿಸಿತು, ಪಾರ್ಲಿಮೆಂಟು ಅಳಿಸಿತು. ತೊಟ್ಟಿಲನ್ನು ತೂಗುವವಳ ಬಾಯನ್ನು ಮುಚ್ಚಿಸುವ ಶಾಸನವನ್ನು ಮಾತ್ರ ಯಾವ ಅರಸನೂ ಬರೆಯಿಸಲಾರದೆ ಹೋದನು. ಗಂಡಸರು ರುಜುವಿನಲ್ಲಿ ಕಳೆದುಕೊಂಡ ಹೆಸರನ್ನು, ಹಗೆಯ ಮನೆಯಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಜೋಗುಳದಲ್ಲಿ ಕಾಪಾಡಿ ಕೊಟ್ಟಳು.